ತಮ್ಮನ ಪಾಲು

ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಆಕೆಗೆ ಇಬ್ಬರು ಮಕ್ಕಳು. ದೊಡ್ಡವಳು ಇನ್ನೂ ಶಾಲೆಗೆ ಸೇರದವಳು. ಬಾಯಿ ಮುಚ್ಚಿ ಕೂತವಳೇ ಅಲ್ಲ, ಅದಕ್ಕೇ ಎಲ್ಲರಿಗೂ ಅವಳು ಗಿಣಿ. ಚಿಕ್ಕವನು ಗುಂಡ, ಆಗಷ್ಟೇ ಗೋಡೆ ಬಿಟ್ಟು ನಡೆಯಲು ಕಲಿತವನು.

ಗಿಣಿ ಕೈಗೆ ಸಿಕ್ಕಿದ್ದನ್ನು ಯಾರಿಗೂ ಕೊಡುತ್ತಿರಲಿಲ್ಲ. ಬಿಸ್ಕತ್ತು ಸಿಕ್ಕರೆ ಮಂಚದ ಕೆಳಗೆ ನುಸುಳಿ, ಮುಗಿಸಿಯೇ ಹೊರಗೆ ಬರುವಳು. ಒಮ್ಮೆ ಮನೆಗೆ ಬಂದಿದ್ದ ನಾದಿನಿ, ಗುಂಡ ನೆಲದ ಮೇಲೆ ಹೊರಳಾಡಿ ಅಳುವುದನ್ನು ಕಂಡು, "ಏನತ್ತಿಗೆ, ಊರವರ ಅಳತೆ ತಗೊಳ್ಳೋದ್ರಲ್ಲೇ ಇದ್ದುಬಿಟ್ರಾ? ಮಗಳಿಗೆ ಹಂಚ್ಕೊಂಡು ತಿನ್ನೋದು ಯಾರು ಕಲಿಸ್ಬೇಕು?" ಎಂದು ನಕ್ಕಳು. ಆ ನಗು ಆಕೆಯ ಎದೆಯಲ್ಲಿ ಚುಚ್ಚಿಕೊಂಡೇ ಉಳಿಯಿತು.

ಮರುದಿನದಿಂದಲೇ ಪಾಠ ಶುರು. "ಕೈಗೆ ಏನೇ ಬರ್ಲಿ, ಅರ್ಧ ತಮ್ಮಂಗೆ. ಅವನಿಗೆ ಕೊಟ್ಟ ಮೇಲೆ ನಿಂದು." ಕೊಟ್ಟರೆ ಮುದ್ದು, ಕೊಡದಿದ್ದರೆ ಇಡೀ ತಿಂಡಿ ಗುಂಡನ ಪಾಲು. ಮೊದಮೊದಲು ಗಿಣಿ ಮನೆ ಹಾರಿಹೋಗುವಂತೆ ಕಿರುಚಿದಳು. ಆಮೇಲೆ ದಾರಿಗೆ ಬಂದಳು. ಬಾಳೆಹಣ್ಣು ಮುರಿದು, ಎರಡೂ ತುಂಡು ಪಕ್ಕಪಕ್ಕ ಹಿಡಿದು, ದೊಡ್ಡದನ್ನೇ ತಮ್ಮನ ಬಾಯಿಗಿಡುವಳು. ಇಟ್ಟು ಅಮ್ಮನ ಕಡೆ ತಿರುಗುವಳು. "ನನ್ನ ಬಂಗಾರ" ಎನ್ನುವವರೆಗೆ ತನ್ನ ತುಂಡು ಮುಟ್ಟುತ್ತಿರಲಿಲ್ಲ. ತಾಯಿ ಹಿಗ್ಗಿ ಹೀರೇಕಾಯಿಯಾದಳು.

ಒಂದು ಮಧ್ಯಾಹ್ನ. ಗಂಡ ಗೋದಾಮಿನ ಕೆಲಸಕ್ಕೆ ಹೋಗಿದ್ದ, ಅತ್ತೆ ಒಳಗೆ ಅಡ್ಡಾಗಿದ್ದರು. ಶಾಲೆಯ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ಆಕೆ ತಲೆ ಎತ್ತದೆ ಹೊಲಿಯುತ್ತಿದ್ದಳು. ದಿನವೂ ಬಂದು ಸೀರೆ ಹಿಡಿದು ಜಗ್ಗುವ ಗುಂಡ ಅಂದು ಬರಲಿಲ್ಲ. ಸದ್ಯ, ಇವತ್ತಾದರೂ ಕೆಲಸ ಸಾಗಿತು ಎಂದುಕೊಂಡಳು. ಬಹಳ ಹೊತ್ತಾದ ಮೇಲೆ, ಚಾಪೆಯ ಮೇಲೆ ಮಲಗಿದ್ದವನನ್ನು ಹೋಗಿ ಮುಟ್ಟಿದರೆ ಮಗು ತಣ್ಣಗೆ ಬೆವರಿ, ಒದ್ದೆ ಬಟ್ಟೆಯ ಹಾಗೆ ಬಿದ್ದಿದೆ. ಕೂಗಿದರೂ ಕಣ್ಣು ತೆರೆಯಲಿಲ್ಲ.

ಜೀವ ಬಾಯಿಗೆ ಬಂತು. ಮೂಲೆಯಲ್ಲಿ ಕೂತಿದ್ದ ಗಿಣಿಯ ರಟ್ಟೆ ಹಿಡಿದು ಎಳೆದಳು. "ಏನು ತಿಂದ ಇವನು? ಹೇಳೇ!" ಗಿಣಿ ಬಾಯಿ ಬಿಡಲಿಲ್ಲ. ಕೆನ್ನೆಗೆ ಒಂದು ಬಿತ್ತು.

"ಸಕ್ಕರೆ ಮಾತ್ರೆ… ಅಡುಗೆಮನೇಲಿ ಬಿದ್ದಿತ್ತು. ತಮ್ಮಂಗೆ ಕೊಟ್ಟೆ."

ಬಾಗಿಲಿಗೆ ಬಂದಿದ್ದ ಅತ್ತೆ ಬಾಯಿ ಬಡಿದುಕೊಂಡರು. "ಅಯ್ಯೋ, ನನ್ನ ಕೈಯಿಂದಲೇ ಬಿದ್ದಿರ್ಬೇಕು!" ಅವರಿಗೆ ಸಕ್ಕರೆ ಕಾಯಿಲೆ. "ನನ್ನ ಸಕ್ಕರೆ ಮಾತ್ರೆ ಎಲ್ಲಿ?" ಎಂದು ಅವರು ದಿನವೂ ಕೇಳುವುದನ್ನು ಗಿಣಿ ಕೇಳಿದ್ದಳು. ಸಕ್ಕರೆ ಎಂದಮೇಲೆ ಸಿಹಿಯೇ ತಾನೆ?

ಎದುರುಮನೆಯ ಟ್ಯಾಕ್ಸಿಯವನು ಊಟದ ತಟ್ಟೆ ಬಿಟ್ಟು ಎದ್ದು ಬಂದ. ಗಿಣಿಯನ್ನು ಮುಂದಿನ ಸೀಟಿಗೆ ತಳ್ಳಿ, ಗುಂಡನನ್ನು ಎದೆಗವಚಿಕೊಂಡು ಆಕೆ ಹಿಂದೆ ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಳೆಯ ಕೈಯಲ್ಲಿ ನರ ಹುಡುಕಿ ಗ್ಲುಕೋಸ್ ಹಾಕಿದರು. ಸ್ವಲ್ಪ ಹೊತ್ತಿಗೆ ಗುಂಡ ಮುಲುಗಿದ, ಆಮೇಲೆ ಸಣ್ಣಗೆ ಅತ್ತ. ಆ ಅಳು ಕೇಳಿ ತಾಯಿಗೆ ಹೋದ ಜೀವ ಬಂತು.

ಆಗ ಡಾಕ್ಟರಮ್ಮ ಬೆಂಚಿನ ಕಡೆ ನೋಡಿದರು. "ಆ ಮಗು? ಅವಳೂ ತಿಂದ್ಲಾ?"

"ಇಲ್ಲ… ತಮ್ಮಂಗೆ ಕೊಟ್ಟೆ ಅಂದ್ಲು."

"ಪೂರ್ತಿ ಕೊಟ್ಳಾ? ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಗಿಣಿ ಗೋಡೆಗೆ ಒರಗಿದ್ದಳು. ಹಣೆಯ ಕೂದಲು ಬೆವರಿಗೆ ಅಂಟಿತ್ತು, ಕೆನ್ನೆಯ ಮೇಲೆ ಅಮ್ಮನ ಬೆರಳುಗಳು ಇನ್ನೂ ಕೆಂಪಗಿದ್ದವು.

"ಗಿಣಿ, ನೀನೂ ತಿಂದ್ಯಾ?"

"ಅರ್ಧ." ನಾಲಿಗೆ ತೊದಲುತ್ತಿತ್ತು. "ಕಹಿ ಇತ್ತಮ್ಮಾ… ದೊಡ್ಡದು ತಮ್ಮಂಗೇ ಕೊಟ್ಟೆ." ಅಷ್ಟು ಹೇಳಿ, ಅಮ್ಮ ಏನಾದರೂ ಅನ್ನುವಳೇ ಎಂದು ಮುಖ ನೋಡಿದಳು. ಹಾಗೇ ಪಕ್ಕಕ್ಕೆ ವಾಲಿದಳು. ಡಾಕ್ಟರಮ್ಮ ಓಡಿ ಬಂದು ಎತ್ತಿಕೊಂಡರು.

ಇಬ್ಬರೂ ಉಳಿದರು. ಒಂದೆರಡು ದಿನ ಇಟ್ಟುಕೊಂಡು ಆಸ್ಪತ್ರೆಯವರು ಕಳಿಸಿಕೊಟ್ಟರು. ಅತ್ತೆ ಮಾತ್ರೆಯ ಡಬ್ಬಿಯನ್ನು ಬೀರುವಿನ ಮೇಲೇರಿಸಿ, ಅದನ್ನು ಕಹಿ ಮಾತ್ರೆ ಎಂದೇ ಕರೆಯತೊಡಗಿದರು. ಗುಂಡ ಮೊದಲಿನಂತೆ ಮನೆ ತುಂಬ ಓಡಾಡಿದ. ಗಿಣಿ ಮಾತ್ರ ಮಾತು ಕಡಿಮೆ ಮಾಡಿದಳು. ಕೈಗೆ ಏನು ಬಂದರೂ, ಒಂದು ಗುಂಡಿ, ಒಂದು ಚಿಂದಿ ಬಟ್ಟೆ ಬಂದರೂ, ಯಂತ್ರದ ಪಕ್ಕ ಬಂದು ಅಂಗೈ ಚಾಚುವಳು. "ಅಮ್ಮಾ, ಇದು ಕೊಡೋದಾ, ಕೊಡಬಾರದಾ?" ತಾಯಿ ಕೆಲಸ ನಿಲ್ಲಿಸಿ ಒಂದೊಂದಕ್ಕೂ ಉತ್ತರ ಹೇಳುವಳು.

ಒಂದು ದಿನ ಪಕ್ಕದ ಮನೆಯ ಹುಡುಗಿ ಹೊಸ್ತಿಲಲ್ಲಿ ನಿಂತು ಗಿಣಿಯ ಬಣ್ಣದ ಸೀಮೆಸುಣ್ಣ ಕೇಳಿದಳು. "ಒಂದೇ ಒಂದು ಕೊಡೇ."

"ಕೊಡಲ್ಲ," ಎಂದಳು ಗಿಣಿ. ಎಂದವಳೇ ಬೆಚ್ಚಿ ಅಮ್ಮನ ಕೈ ನೋಡಿದಳು.

ಕೊಡು ಕಂದಾ ಎನ್ನುವ ಮಾತು ಆಕೆಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಅದು ನಿಂದು. ನಿನಗೆ ಕೊಡ್ಬೇಕು ಅನ್ನಿಸಿದಾಗ ಕೊಡು."

ಪಕ್ಕದ ಮನೆಯವಳು ಮುಖ ಊದಿಸಿಕೊಂಡು ಹೋದಳು. ಗಿಣಿ ಅಮ್ಮನನ್ನು ನಂಬಲಿಲ್ಲ. ಸೀಮೆಸುಣ್ಣಗಳನ್ನೆಲ್ಲ ಲಂಗದ ಜೇಬಿಗೆ ತುಂಬಿ, ಜೇಬಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಳು. ತಾನು ಹೇಳಿದ್ದು ಸರಿಯೋ ತಪ್ಪೋ ತಾಯಿಗೂ ಗೊತ್ತಿರಲಿಲ್ಲ. ಹತ್ತಿರ ಕರೆದಳು. ಗಿಣಿ ಬರಲಿಲ್ಲ.