ಗಡಿಯಾರದ ಗೋಪುರದ ಕೀಲಿ

ಪ್ರಾಗ್ ನಗರದಲ್ಲಿ ಆ ದಿನ ಯರ್ಮಿಲಾ ಹೆಚ್ಚಾಗಿ ನೋಡಿದ್ದು ನೆಲವನ್ನು. ಮುಷ್ಟಿಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಹಾಸಿದ ಬೀದಿಗಳು. ಒಂದೊಂದು ಕಲ್ಲೂ ಅಂಗಾಲಿಗೆ ಬೇರೆಬೇರೆಯಾಗಿ ತಿಳಿಯುತ್ತಿತ್ತು. ತಲೆಯೆತ್ತಿದರೆ ಎಡವಿಬಿಡುತ್ತೇನೆಂಬ ಭಯದಲ್ಲಿ ಕೋಟೆಯನ್ನೂ ಸೇತುವೆಯ ಮೇಲಿನ ಸಂತರ ವಿಗ್ರಹಗಳನ್ನೂ ಅವಳು ಮೊಣಕಾಲಿನ ಮಟ್ಟದಲ್ಲೇ ನೋಡಿ ಮುಗಿಸಿದ್ದಳು.

ಮೊರಾವಿಯಾದ ಅವರ ಹಳ್ಳಿಯಿಂದ ನಿವೃತ್ತರ ಸಂಘದ ಬಸ್ಸು ನಸುಕಿನ ನಾಲ್ಕಕ್ಕೆ ಹೊರಟಿತ್ತು. ಒಂದೇ ದಿನದ ಪ್ರವಾಸ. ಸಂಘದ ಅಧ್ಯಕ್ಷೆ ಹೆದ್ವಿಕಾ ಮಡಿಸಿದ ಕೊಡೆಯ ತುದಿಗೆ ಹಳದಿ ಕರವಸ್ತ್ರ ಕಟ್ಟಿಕೊಂಡು ಮುಂದೆ ಮುಂದೆ ಹೋದಳು. ಉಳಿದವರು ಆ ಕರವಸ್ತ್ರದ ಹಿಂದೆ ನಡೆದರು. ಯರ್ಮಿಲಾಳ ಕಣ್ಣು ಮಾತ್ರ ಕರವಸ್ತ್ರದ ಮೇಲಿರಲಿಲ್ಲ. ಅದು ಗಂಡ ಅಲೋಯ್ಸನ ಬೂದುಬಣ್ಣದ ಟೊಪ್ಪಿಯ ಮೇಲಿತ್ತು.

ಅದಕ್ಕೆ ಕಾರಣವಿತ್ತು. ಮೂವತ್ತೆಂಟು ವರ್ಷಗಳಿಂದ ಹಳ್ಳಿಯ ಚರ್ಚಿನ ಗಡಿಯಾರಕ್ಕೆ ಕೀಲಿ ಕೊಡುವವನು ಅಲೋಯ್ಸ್. ವಾರಕ್ಕೊಮ್ಮೆ ಎಂಬತ್ತನಾಲ್ಕು ಮೆಟ್ಟಿಲು ಹತ್ತಿ ಗಡಿಯಾರವನ್ನು ಓಡಿಸುವ ಭಾರಗಳನ್ನು ಮೇಲಕ್ಕೆ ಸುತ್ತುವುದು, ಎಣ್ಣೆ ಹಾಕುವುದು, ಮಾರ್ಚ್ ಕೊನೆಯಲ್ಲಿ ಇಡೀ ದೇಶ ಗಡಿಯಾರಗಳನ್ನು ಬೇಸಿಗೆ ಸಮಯಕ್ಕೆ ತಿರುಗಿಸುವಾಗ ಮುಳ್ಳನ್ನು ಒಂದು ಗಂಟೆ ಮುಂದಿಡುವುದು, ಅಕ್ಟೋಬರಿನಲ್ಲಿ ಹಿಂದಿಡುವುದು. ಈ ವರ್ಷ ಮಾರ್ಚಿನಲ್ಲಿ ಗಡಿಯಾರ ನಾಲ್ಕು ದಿನ ಒಂದು ಗಂಟೆ ಹಿಂದೆಯೇ ಉಳಿಯಿತು. ಅಲೋಯ್ಸ್ ಮರೆತಿದ್ದಾನೆ ಎಂದು ಊರು ಮಾತಾಡಿಕೊಂಡಿತು. ಮರೆವು ಶುರುವಾದವನನ್ನು ಗೋಪುರದ ಮೇಲೆ ಒಬ್ಬನನ್ನೇ ಬಿಡುವುದು ಹೇಗೆ? ಸೋಮವಾರ ಗ್ರಾಮಸಭೆಯಲ್ಲಿ ಗೋಪುರದ ಕೀಲಿಯ ವಿಷಯ ತೀರ್ಮಾನವಾಗುವುದಿತ್ತು. ಹೆದ್ವಿಕಾ ಆ ಸಭೆಯ ಸದಸ್ಯೆ. ಬೆಳಿಗ್ಗೆ ಬಸ್ಸು ಹತ್ತುವಾಗ ಯರ್ಮಿಲಾಳ ಮೊಣಕೈ ಹಿಡಿದು ಹೇಳಿದ್ದಳು:

"ಇವತ್ತೊಂದಿನ ಅವನು ಎಲ್ಲರ ಜೊತೆ ಸರಿಯಾಗಿ ಬಂದು ಹೋಗ್ಲಿ. ನಾನೇ ಸಭೇಲಿ ಅವನ ಪರ ಮಾತಾಡ್ತೀನಿ. ನೀನು ಸ್ವಲ್ಪ ಕಣ್ಣಿಟ್ಟಿರು."

ಬಸ್ಸಿನಲ್ಲಿ ಯರ್ಮಿಲಾಳ ಕೈಗಡಿಯಾರ ನಿಂತುಹೋದಾಗ ಅಲೋಯ್ಸ್ ತನ್ನದನ್ನು ಬಿಚ್ಚಿ ಅವಳಿಗೆ ಕಟ್ಟಿದ್ದ. ಪ್ರಾಗ್‌ನಲ್ಲಿ ಗಡಿಯಾರಕ್ಕೇನು ಬರವೇ ಎಂದಿದ್ದ. ಮೊಬೈಲನ್ನು ಅವನು ಹತ್ತಿರವೂ ಸೇರಿಸುತ್ತಿರಲಿಲ್ಲ.

ಹೆದ್ವಿಕಾ ಎಲ್ಲರನ್ನೂ ಸ್ವಂತ ಓಡಾಟಕ್ಕೆ ಬಿಟ್ಟಾಗ ಒಂದೇ ಮಾತು ಹೇಳಿದಳು: ನಾಲ್ಕಕ್ಕೆ ಸರಿಯಾಗಿ ನದಿ ದಂಡೆಯಲ್ಲಿ ಬಸ್ಸಿನ ಹತ್ತಿರ. ಡ್ರೈವರ್‌ಗೆ ದಿನಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕವಿದೆ, ಅವನ ಪಕ್ಕದ ಯಂತ್ರ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ದಾಕ್ಷಿಣ್ಯವಿಲ್ಲ.

ದಂಪತಿ ಬೀದಿಯ ಕೊನೆಯಲ್ಲಿ ಮರದಡಿಯ ಬೆಂಚೊಂದನ್ನು ಹಿಡಿದು, ಮನೆಯಿಂದ ತಂದಿದ್ದ ಬ್ರೆಡ್ಡು ಮತ್ತು ಹುರಿದ ಮಾಂಸದ ಪೊಟ್ಟಣ ಬಿಚ್ಚಿದರು. ಎದುರಿನ ಅಂಗಡಿಯಲ್ಲಿ ಸುರುಳಿ ಸುತ್ತಿದ ಸಿಹಿ ರೊಟ್ಟಿಯನ್ನು 'ಪುರಾತನ ಚೆಕ್ ತಿನಿಸು' ಎಂಬ ಫಲಕದಡಿ ಮಾರುತ್ತಿದ್ದರು.

"ನನಗೆ ಎಪ್ಪತ್ತೊಂದು," ಎಂದ ಅಲೋಯ್ಸ್. "ಅದು ನನಗಿಂತ ಚಿಕ್ಕದು."

ತಿಂದಾದ ಮೇಲೆ ಅವನು ಹಳೆಯ ಚೌಕದ ಖಗೋಳ ಗಡಿಯಾರ ನೋಡಿಬರೋಣವೆಂದ. ಯರ್ಮಿಲಾ ಬೂಟು ಬಿಚ್ಚಿಯಾಗಿತ್ತು. ಊದಿದ ಪಾದಗಳನ್ನು ಮತ್ತೆ ಒಳಗೆ ತುರುಕುವ ಯೋಚನೆಗೇ ಕಣ್ಣು ಕತ್ತಲಿಟ್ಟಿತು. ನೆಟ್ಟಗೆ ಹತ್ತು ನಿಮಿಷದ ದಾರಿ, ಒಂದೇ ಬೀದಿ. ಮೂರೂವರೆಗೆ ಇಲ್ಲಿರಬೇಕು ಎಂದು ಅವನ ಬಲಗಿವಿಗೆ ಕೂಗಿ ಹೇಳಿದಳು. ಎಡಗಿವಿಯನ್ನು ಚರ್ಚಿನ ಗಂಟೆ ಎಂದೋ ತಿಂದುಹಾಕಿತ್ತು. ಆಗ ಎಷ್ಟು ಗಂಟೆಯೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಟೊಪ್ಪಿ ಜನರ ನಡುವೆ ಕರಗಿತು.

ಮೂರೂವರೆಯಾಯಿತು. ಟೊಪ್ಪಿ ಬರಲಿಲ್ಲ. ಮೂರು ಮೂವತ್ತೈದಕ್ಕೆ ಅವಳು ಬೂಟು ಹಾಕಿಕೊಂಡಳು. ಲೇಸು ಕಟ್ಟಲಾಗಲಿಲ್ಲ, ಹಾಗೆಯೇ ಎಳೆದುಕೊಂಡು ನಡೆದಳು. ಮಾರ್ಚಿನ ಆ ನಾಲ್ಕು ದಿನಗಳು ಹೆಜ್ಜೆ ಹೆಜ್ಜೆಗೂ ನೆನಪಿಗೆ ಬಂದವು. ಹೊಲಿಗೆಪೆಟ್ಟಿಗೆಯಲ್ಲಿ ಸಿಕ್ಕ ಅವನ ಕನ್ನಡಕವೂ, ಒಮ್ಮೆ ಮೊಮ್ಮಗಳನ್ನು ಮಗಳ ಹೆಸರಿನಲ್ಲಿ ಕರೆದದ್ದೂ ನೆನಪಾದವು. ಇವೆಲ್ಲ ಯಾರಿಗೂ ಆಗುವಂಥವು ಎಂದು ಇಷ್ಟು ದಿನ ಅವಳು ಬೇರೆಬೇರೆಯಾಗಿ ಇಟ್ಟಿದ್ದಳು. ಈಗ ಅವು ತಾವೇ ಒಂದು ಸಾಲಿಗೆ ಬಂದು ನಿಂತವು.

ಅಲೋಯ್ಸ್ ಗಡಿಯಾರದ ಬುಡದಲ್ಲೇ ಇದ್ದ. ಸುತ್ತಲಿನವರು ಗಂಟೆಗೊಮ್ಮೆ ಹೊರಬರುವ ಗೊಂಬೆಗಳ ಮೆರವಣಿಗೆಗೆ ಕಾಯುತ್ತಿದ್ದರೆ ಅವನು ಎರಡೂ ಕೈ ಹಿಂದೆ ಕಟ್ಟಿ ನೀಲಿ ಫಲಕವನ್ನು ಓದುತ್ತಿದ್ದ.

"ಲೋಯ್ಜಾ!"

ಅವನು ತಿರುಗಿ ನೋಡಿ ನಕ್ಕ. "ಇಷ್ಟು ಬೇಗ ಯಾಕೆ ಬಂದೆ, ಯರ್ಕಾ? ಇನ್ನೂ ಎರಡೂ ಮುಕ್ಕಾಲು."

ಯರ್ಮಿಲಾ ಅವನ ಮುಖ ನೋಡಿದಳು. ಗಾಬರಿಯಿಲ್ಲ, ತೊದಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ಮಣಿಕಟ್ಟು ಅವನ ಕಣ್ಣಿನ ಮುಂದೆ ಹಿಡಿದಳು. ಮೂರು ಗಂಟೆ ನಲವತ್ತಾರು ನಿಮಿಷ.

"ಇದು ನಿನ್ನದೇ ಗಡಿಯಾರ," ಎಂದಳು ಮೆಲ್ಲಗೆ.

ಅವನು ಅದನ್ನು ನೋಡಿದ, ಗೋಡೆಯದನ್ನು ನೋಡಿದ, ಮತ್ತೆ ಇದನ್ನು. ಹುಬ್ಬು ಗಂಟಿಕ್ಕಿತು. ಹೊರಸುತ್ತಿನ ಅಂಕಿಗಳು ಹಳೆಯ ಕಾಲದವು, ಅವನ್ನು ಬಿಟ್ಟುಬಿಡು ಎಂದು ಬೆರಳು ಮಾಡಿ ವಿವರಿಸತೊಡಗಿದ. ಒಳಗೆ ಬಂಗಾರದ ರೋಮನ್ ಅಂಕಿಗಳಿವೆ, ಮುಳ್ಳಿನ ತುದಿಗೆ ಬಂಗಾರದ ಕೈಯೊಂದಿದೆ, ಆ ಕೈ ತೋರಿಸುವುದೇ ಗಂಟೆ. ನೋಡು, ಎರಡು ದಾಟಿ ಮೂರರ ಹತ್ತಿರ ಬಂದಿದೆ. ಅವಳು ಒಂದೊಂದೇ ಅಂಕಿ ಎಣಿಸಿದಳು. ಕೈ ನಿಜವಾಗಿಯೂ ಅಲ್ಲೇ ಇತ್ತು. ಅವನು ತಪ್ಪು ಓದಿರಲಿಲ್ಲ.

ಪಕ್ಕದಲ್ಲಿ ಚಿತ್ರದ ಕಾರ್ಡುಗಳನ್ನು ಮಾರುತ್ತಿದ್ದ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

"ಆ ಕೈ ವರ್ಷಪೂರ್ತಿ ಚಳಿಗಾಲದ ಸಮಯದಲ್ಲೇ ಇರತ್ತೆ, ಅಜ್ಜಾ," ಎಂದಳು. "ಬೇಸಿಗೇಲಿ ನೀವೇ ಒಂದು ಗಂಟೆ ಸೇರಿಸ್ಕೋಬೇಕು. ಮಾಮೂಲಿ ಗಡಿಯಾರ ಅಲ್ಲಿ, ಗೋಪುರದ ಮೇಲಿದೆ. ಇದನ್ನ ಓದಿ ಮೋಸ ಹೋದೋರನ್ನ ನಾನು ನೋಡ್ತಿರೋದು ಇವತ್ತೇ ಮೊದಲು. ಬಂದೋರೆಲ್ಲ ಬರೀ ಗೊಂಬೆ ನೋಡ್ತಾರೆ."

ಅಲೋಯ್ಸನ ಕತ್ತು ಅಷ್ಟು ಮೇಲಕ್ಕೆ ಬಾಗುತ್ತಿರಲಿಲ್ಲ. ಹಲ್ಲುಚಕ್ರಗಳ ಮೇಲೆ ಬಗ್ಗಿ ಬಗ್ಗಿ ಅದು ಗಟ್ಟಿಯಾಗಿತ್ತು. ಯರ್ಮಿಲಾ ಅವನ ಪರವಾಗಿ ತಲೆಯೆತ್ತಿ ನೋಡಿದಳು, ಆ ದಿನ ಮೊದಲ ಸಲ. ಮೂರು ಗಂಟೆ ಐವತ್ತು ನಿಮಿಷ.

ವಾಪಸು ದಾರಿಯಲ್ಲಿ ಇಬ್ಬರೂ ಒಬ್ಬರ ಭಾರ ಇನ್ನೊಬ್ಬರ ಮೇಲೆ ಹಾಕಿಕೊಂಡು ನಡೆದರು. ಅವನು ತನ್ನಷ್ಟಕ್ಕೆ ಗೊಣಗುತ್ತಲೇ ಇದ್ದ. ಗಡಿಯಾರವನ್ನು ಅರ್ಧ ವರ್ಷ ಹಾಗೇ ಬಿಡುವವರೂ ಇರುತ್ತಾರೆಯೇ? ಅದನ್ನು ನೋಡಿಕೊಳ್ಳುವವನು ಏನು ಮಾಡುತ್ತಾನೆ? ಇಡೀ ಲೋಕ ಬಂದು ಅದನ್ನೇ ಬಾಯಿ ಬಿಟ್ಟು ನೋಡುತ್ತದಲ್ಲ. ಯರ್ಮಿಲಾಳ ಎದೆಯಿಂದ ಕಲ್ಲೊಂದು ಇಳಿದಿತ್ತು. ಅದರ ಜಾಗದಲ್ಲಿ ದಣಿವು ಬಂದು ಕೂತಿತ್ತು. ಆಮೇಲೆ ಒಂದು ಪ್ರಶ್ನೆ ಎದ್ದಿತು. ಬೇಸಿಗೆ ಸಮಯದ ಬಗ್ಗೆ ಇಷ್ಟು ಸಿಟ್ಟಾಗುವವನು ಮಾರ್ಚಿನಲ್ಲಿ ಅದನ್ನು ಮರೆಯುವುದು ಹೇಗೆ?

ಬಸ್ಸು ಮುಟ್ಟುವಾಗ ನಾಲ್ಕು ಹನ್ನೆರಡು. ಡ್ರೈವರ್ ತನ್ನ ಯಂತ್ರದ ಕಡೆ ನೋಡಿದ ಅಷ್ಟೆ. ಹೆದ್ವಿಕಾ ಬಾಗಿಲಲ್ಲಿ ಅಲೋಯ್ಸನ ಹೆಗಲು ತಟ್ಟಿದಳು.

"ಪರವಾಗಿಲ್ಲ ಬಿಡು, ಲೋಯ್ಜಾ. ಈ ವಯಸ್ಸಲ್ಲಿ ಎಲ್ಲರಿಗೂ ಆಗತ್ತೆ."

ದನಿಯಲ್ಲಿ ಅಷ್ಟು ಕರುಣೆಯಿತ್ತು. ಸೋಮವಾರದ ಸಭೆ ಅಲ್ಲೇ ಮುಗಿದುಹೋಯಿತೆಂದು ಯರ್ಮಿಲಾಳಿಗೆ ತಿಳಿಯಿತು.

ಬಸ್ಸು ಊರಾಚೆಯ ಹೆದ್ದಾರಿ ಹಿಡಿದ ಮೇಲೆ ಅವಳು ಅವನ ಬಲಗಿವಿಗೆ ಬಾಯಿಟ್ಟು, ಮಾರ್ಚಿನಲ್ಲಿ ಅವನು ಮರೆತನೆಂದು ಊರು ಮಾತಾಡುತ್ತಿರುವುದನ್ನು ಹೇಳಿ, ನಿಜವೇ ಎಂದು ಕೇಳಿದಳು. ಅವನು ಅಂಗೈಯಿಂದ ಮಂಡಿ ಉಜ್ಜಿಕೊಂಡ.

"ಮರೆತಿರಲಿಲ್ಲ. ಮೊದಲ ದಿನ ನಲವತ್ತು ಮೆಟ್ಟಿಲು ಹತ್ತಿದೆ, ಮಂಡಿ ಕೇಳ್ಲಿಲ್ಲ. ಎರಡನೇ ದಿನ ಮೂವತ್ತು. ಮೂರನೇ ದಿನ ಅಲ್ಲೇ ಕೂತ್ಕೊಂಡು ಕತ್ತಲಾದ ಮೇಲೆ ಇಳಿದು ಬಂದೆ. ನಾಲ್ಕನೇ ದಿನ ತೆವಳ್ಕೊಂಡು ಹೋಗಿ ಮುಳ್ಳು ತಿರುಗಿಸ್ದೆ. ಅವತ್ತಿಂದ ಹಾಗೇ ಹತ್ತೋದು."

"ನನಗೂ ಹೇಳ್ಲಿಲ್ಲ."

"ಹೇಳಿದ್ರೆ ಕೀಲಿ ಹೋಗತ್ತೆ ಅನ್ಕೊಂಡೆ. ಊರವರು ಇನ್ನೇನೋ ಅಂದ್ಕೊಂಡಿದಾರೆ ಅಂತ ನನಗೇನು ಗೊತ್ತು."

ಮುಂದೆ ಯಾರೋ ಗೊರಕೆ ಹೊಡೆಯುತ್ತಿದ್ದರು. ಅಲೋಯ್ಸ್ ಜೇಬಿನಿಂದ ಕೀಲಿ ತೆಗೆದ. ಅಂಗೈಯುದ್ದದ ಕಬ್ಬಿಣದ ಕೀಲಿ, ಸೆಣಬಿನ ದಾರ ಕಟ್ಟಿದ್ದು. ಮೂವತ್ತೆಂಟು ವರ್ಷದಲ್ಲಿ ಅದು ಅವನ ಪ್ಯಾಂಟುಗಳ ಎಷ್ಟೋ ಜೇಬುಗಳನ್ನು ಹರಿದಿತ್ತು. ಎಲ್ಲವನ್ನೂ ಹೊಲಿದವಳು ಅವಳೇ. ಅದನ್ನು ಅವಳ ಮಡಿಲಿಗಿಟ್ಟ.

"ಹೆದ್ವಿಕಾಗೆ ಕೊಟ್ಬಿಡು. ಆದ್ರೆ ಸರಿಯಾಗಿ ಹೇಳು. ಸೋತಿರೋದು ಕಾಲು, ತಲೆಯಲ್ಲ."

"ನಾಳೆ ಕೊಟ್ರಾಯ್ತು. ಈಗ ಎಲ್ರೂ ಮಲಗಿದಾರೆ."

"ಈಗ್ಲೇ ಕೊಡು. ನಾಳೆ ನಾನು ಕೊಡಲ್ಲ."

ಯರ್ಮಿಲಾ ಬೂಟು ಹುಡುಕಲಿಲ್ಲ. ಬರಿಗಾಲಲ್ಲೇ ಎದ್ದು, ಒಂದು ಕೈಯಲ್ಲಿ ಕೀಲಿ, ಇನ್ನೊಂದು ಕೈಯಲ್ಲಿ ಸೀಟುಗಳ ಬೆನ್ನು ಹಿಡಿದು, ಓಲಾಡುವ ಬಸ್ಸಿನಲ್ಲಿ ಹಳದಿ ಕರವಸ್ತ್ರದ ಕೊಡೆ ಒರಗಿದ್ದ ಮುಂದಿನ ಸೀಟಿನ ಕಡೆ ನಡೆದಳು.