ಹಿಂದಿನ ಸೀಟು

“ನಿಲ್ಸಿ, ನಿಲ್ಸಿ! ಕಂಬಕ್ಕೆ ಹೋಗ್ತಾ ಉಂಟು!”

ಪ್ರಜ್ಞೇಶ್ ಕೂಗಿದ್ದೇ ತಡ, ಅಂಬಾಸಿಡರಿನ ಡಿಕ್ಕಿಗೆ ಭುಜ ಕೊಟ್ಟಿದ್ದವರೆಲ್ಲ ಕೈಬಿಟ್ಟರು. ಕಾರು ಒಂದಷ್ಟು ಉರುಳಿ, ಶೆಡ್ಡಿನ ಕಂಬದ ಕಡೆಗೆ ಮೂತಿ ತಿರುಗಿಸಿಕೊಂಡು ನಿಂತಿತು.

“ಸ್ಟೇರಿಂಗ್ ಹಿಡಿಯೋಕೆ ಒಬ್ಬರು ಬೇಕೇ ಬೇಕು. ಲಿಂಗಣ್ಣ, ನೀವು ಕೂತ್ಕೊಳ್ಳಿ.”

“ನಾನಾ?” ನೆರೆಮನೆಯ ಲಿಂಗಣ್ಣ ಪಂಚೆ ಎತ್ತಿ ಕಟ್ಟುತ್ತ ಹಿಂದೆ ಸರಿದ. “ಪೂವಮ್ಮ ಪ್ರಾಣ ಬಿಟ್ಟ ಗಾಡಿಯಲ್ಲಾ? ಬೇಡ ಮಾರಾಯ. ತಳ್ಳು ಅಂದ್ರೆ ಪಾಲಿಬೆಟ್ಟದವರೆಗೂ ತಳ್ತೇನೆ.”

“ಸೋಮಯ್ಯ ಇದ್ದಾಗ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ. ಈಗಲೂ ಬಿಡ್ತಾ ಇಲ್ಲ ನೋಡಿ,” ಎಂದರು ಯಾರೋ. ಬಿಳಿ ಬಟ್ಟೆಯ ಗುಂಪಿನಲ್ಲಿ ಸಣ್ಣ ನಗುವೊಂದು ಎದ್ದು ಅಡಗಿತು.

ಸೋಮಯ್ಯನ ದೇಹ ಜಗಲಿಯಲ್ಲಿತ್ತು. ಸುಡುವ ಜಾಗ ಹಿತ್ತಿಲ ಕಾಫಿ ಗಿಡಗಳ ಆಚೆ. ಅಲ್ಲಿಗೆ ಹೋಗಲು ಮನೆಗೆ ಒತ್ತಿಕೊಂಡಿದ್ದ ಈ ತಗಡಿನ ಶೆಡ್ಡಿನೊಳಗಿಂದಲೇ ದಾರಿ. ಕಾರು ಅಂಗಳಕ್ಕೆ ಬಾರದೆ ಚಟ್ಟ ಹೊರಡುವಂತಿರಲಿಲ್ಲ.

ಪವಿತ್ರಾ ಬೆಳಗಿನಿಂದ ಅಪ್ಪನ ತಲೆಯ ಬಳಿಯೇ ಕೂತಿದ್ದಳು. ಬಂದವರೆಲ್ಲ ತುಳಸಿ ಎಲೆಯಲ್ಲಿ ಬಾಯಿಗೆ ನೀರು ಬಿಟ್ಟು ಸರಿದರು. ಅವಳೂ ಬಿಟ್ಟಳು. ತನ್ನನ್ನು ಕಂಡಾಗಲೆಲ್ಲ ಕೆಳಗಿಳಿಯುತ್ತಿದ್ದ ಆ ಕಣ್ಣುಗಳು ಈಗ ಮುಚ್ಚಿದ್ದವು. ಹೆತ್ತ ತಾಯಿ ಪೂವಮ್ಮನನ್ನು ಕೊಂದು ಹುಟ್ಟಿದ ಮಗು ಎಂದು ಅಪ್ಪ ಒಂದು ದಿನವೂ ಬಾಯಿಬಿಟ್ಟು ಹೇಳಿದ್ದಿಲ್ಲ. ಅಲ್ಲ ಎಂದೂ ಹೇಳಿದ್ದಿಲ್ಲ. ಇನ್ನು ಕೇಳುವುದು ಯಾರನ್ನು?

ಅವಳು ಎದ್ದು ಶೆಡ್ಡಿಗೆ ಬಂದಳು. “ನಾನು ಕೂರ್ತೇನೆ.”

“ನೀನು ಬೇಡ!” ಅಪ್ಪನ ತಂಗಿ ಸುಲೋಚನಮ್ಮ ಹಿಂದೆಯೇ ಓಡಿಬಂದರು. ಪವಿತ್ರಾಳನ್ನು ಹಸುಗೂಸಿನಿಂದ ಸಾಕಿದವರು ಅವರೇ. ಕಾಫಿ ಲೋಟ ತೊಳೆಯುತ್ತಿದ್ದ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. “ಆ ಗಾಡಿಗೆ ನೀನು ಹತ್ತೋದು ಬೇಡ ಮಗಾ.”

“ಬೇಡ ಅನ್ನೋರು ಅಲ್ಲಿ ಮಲಗಿದ್ದಾರಲ್ಲ ಅತ್ತೆ,” ಎಂದಳು ಪವಿತ್ರಾ.

*

ಎಸ್ಟೇಟಿನವರು ಹೊಸ ಜೀಪು ತಂದ ಮೇಲೆ ಹಳೆಯ ಅಂಬಾಸಿಡರ್ ಗೋದಾಮಿನ ಮೂಲೆಗೆ ಬಿದ್ದಿತ್ತು. ಅದನ್ನು ಕೊಡಿ ಎಂದು ಡ್ರೈವರ್ ಸೋಮಯ್ಯ ಕೇಳಿದಾಗ ಧಣಿಗಳಿಗೆ ಆಶ್ಚರ್ಯವಾಯಿತಂತೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದ. ಆಗ ಅದರ ಬಣ್ಣ ಹಸಿರು. ಬಾಗಿಲುಗಳ ಅಡಿಭಾಗ ತುಕ್ಕು ತಿಂದು ಜರಡಿಯಾಗಿತ್ತು.

ಶಾಲೆಯಿಂದ ಬಂದ ಪವಿತ್ರಾ ಬ್ಯಾಗು ಹೊತ್ತುಕೊಂಡೇ ಅದರ ಸುತ್ತ ಓಡಿದಳು. ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಮೊಣಕಾಲು ಊರಿದಳು. ಒಳಗೆ ಇಲಿಯ ವಾಸನೆ. ಸ್ಪ್ರಿಂಗು ಕಿರುಗುಟ್ಟಿತು.

“ಇಳಿ!”

ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಅದೇ ಮೊದಲು ಕೇಳಿದ್ದು. ರಟ್ಟೆ ಹಿಡಿದು ಇಳಿಸಿ, ಬಾಗಿಲು ಹಾಕಿ, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಇದರ ಹತ್ತಿರ ಬರಬೇಡ,” ಎಂದ ನೆಲ ನೋಡುತ್ತ.

ಅವಳು ಮತ್ತೆ ಹೋಗಲಿಲ್ಲ. ರಾತ್ರಿ ಅತ್ತೆಯ ಮಗ್ಗುಲಲ್ಲಿ ಮಲಗಿ, “ಅಮ್ಮ ಸತ್ತದ್ದು ನನ್ನಿಂದಲಾ?” ಎಂದು ಕೇಳಿದ್ದಳು. ಅತ್ತೆ ಕಂಬಳಿ ಎಳೆದು ಹೊದಿಸಿ, “ಮಲಗು” ಎಂದಿದ್ದರು, ಅಷ್ಟೇ.

ಆಮೇಲೆ ಭಾನುವಾರಗಳೆಲ್ಲ ಶೆಡ್ಡಿನ ಸದ್ದಿನವಾದವು. ತಗಡಿನ ಮೇಲೆ ಸುತ್ತಿಗೆ, ಪುಟ್ಟಿ ಉಜ್ಜುವ ಎಮೆರಿ ಕಾಗದದ ಸರಸರ. ಊಟಕ್ಕೆ ಬರುವಾಗ ಅಪ್ಪನ ರೆಪ್ಪೆಯ ಮೇಲೂ ಹಸಿರು ಧೂಳು ಇರುತ್ತಿತ್ತು.

*

ಮದುವೆಯಾಗಿ ಸಿದ್ದಾಪುರಕ್ಕೆ ಹೋದ ಮೇಲೂ ಪವಿತ್ರಾ ತವರಿಗೆ ಬಂದಾಗಲೆಲ್ಲ ಕಾರು ಮುಗಿದಿರುತ್ತಿರಲಿಲ್ಲ. ಒಮ್ಮೆ ಬಂದಾಗ ಅಂಗಳದ ಹಗ್ಗಕ್ಕೆ ಬಣ್ಣ ಬಳಿದ ತಗಡಿನ ತುಂಡುಗಳು ಬಟ್ಟೆಯಂತೆ ನೇತುಬಿದ್ದಿದ್ದವು. ಎಲ್ಲವೂ ಬೂದು ನೀಲಿ. ನೋಡಲು ಎಲ್ಲವೂ ಒಂದೇ.

“ಮಾವ ಗೋಣಿಕೊಪ್ಪಲಿನ ಪೈಂಟ್ ಅಂಗಡಿಯವನ ತಲೆ ತಿಂದಿದ್ದಾರೆ,” ಎಂದು ಸುಲೋಚನಮ್ಮನ ಮಗ ಪ್ರಜ್ಞೇಶ್ ನಕ್ಕಿದ್ದ. “ಡ್ಯಾಶ್‌ಬೋರ್ಡ್ ಬಿಚ್ಚಿ, ಬಿಸಿಲು ಕಾಣದ ಜಾಗದಲ್ಲಿ ಉಳಿದಿದ್ದ ಹಳೇ ಬಣ್ಣ ಹುಡುಕಿದ್ದಾರೆ. ಅದೇ ಆಗಬೇಕಂತೆ. ಒಂದು ಹನಿ ಬಿಳಿ ಹೆಚ್ಚಾದ್ರೂ ವಾಪಸ್.”

ಅಪ್ಪ ಒಂದು ತುಂಡನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ.

“ಯಾವುದಾದ್ರೂ ಒಂದು ನೀಲಿ ಸಾಕಲ್ವಾ ಅಪ್ಪ?”

“ಸಾಲದು. ಆ ದಿನ ಇದ್ದ ಬಣ್ಣವೇ ಬೇಕು,” ಎಂದ ಸೋಮಯ್ಯ. ಯಾವ ದಿನ ಎಂದು ಅವಳು ಕೇಳಲಿಲ್ಲ. ಅವನೂ ತಲೆ ಎತ್ತಲಿಲ್ಲ.

*

ಪವಿತ್ರಾ ಸ್ಟೇರಿಂಗಿನ ಮುಂದೆ ಕೂತಳು. ಒಳಗೆಲ್ಲ ಥಿನ್ನರಿನ ವಾಸನೆ. ಪ್ರಜ್ಞೇಶ್ ಹಿಂದಿನ ಎಡಬಾಗಿಲು ತೆಗೆದು ಒಳಗೆ ಇಣುಕಿದ.

“ಅಕ್ಕ, ಇದೊಂದು ಕಡೆ ಬಿಟ್ಟಿದ್ದಾರೆ ನೋಡಿ ಮಾವ. ಪೇಪರ್ ಕಿತ್ತು ಒಂದು ಕೋಟ್ ಹೊಡೆದ್ರೆ ಗಾಡಿ ಪೂರ್ತಿ ಆಯ್ತು. ತಿಥಿಯ ಒಳಗೆ ನಾನೇ ಹೊಡೆದು ಮುಗಿಸ್ತೇನೆ.”

ಪವಿತ್ರಾ ತಿರುಗಿದಳು. ಬಾಗಿಲಿನ ಒಳಬದಿಯಲ್ಲಿ, ಗಾಜಿನ ಕೆಳಗೆ, ಅಂಗೈ ಅಗಲದ ಪೇಪರ್ ಅಂಟಿಸಿತ್ತು. ಅದರ ಅಂಚಿಗೆ ಟೇಪು ಪದರ ಪದರವಾಗಿ ದಪ್ಪಗಟ್ಟಿತ್ತು. ಪ್ರತಿ ಸಲ ಬಣ್ಣ ಹೊಡೆದಾಗಲೂ ಕಿತ್ತು, ನೋಡಿ, ಮತ್ತೆ ಮುಚ್ಚಿದಂತಿತ್ತು.

ಅವಳು ಸೀಟಿನ ಮೇಲಿಂದ ಬಗ್ಗಿ ಉಗುರಿನಿಂದ ಟೇಪು ಎಬ್ಬಿಸಿದಳು. ಕಾಗದ ಸುಲಭವಾಗಿ ಬಂತು. ಅಡಿಯಲ್ಲಿ ಹಳೆಯ, ಮಂಕಾದ ನೀಲಿ. ಅದರ ತುಂಬ ಸಣ್ಣ ಸಣ್ಣ ಕಮಾನಿನ ಗೀರುಗಳು, ಒಂದರ ಮೇಲೊಂದು, ತಗಡು ಕಾಣುವಷ್ಟು ಆಳಕ್ಕೆ.

“ಇದೆಂತ, ಯಾರೋ ಕೆರೆದ ಹಾಗೆ?” ಎಂದ ಪ್ರಜ್ಞೇಶ್.

ಬಾಗಿಲ ಬಳಿ ನಿಂತಿದ್ದ ಸುಲೋಚನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಪೂವಿಯ ಬಳೆ,” ಎಂದರು. “ನೋವು ಬಂದಾಗಲೆಲ್ಲ ಅಲ್ಲೇ ಹಿಡ್ಕೊಳ್ತಿದ್ಲು. ಧಣಿಗಳು ಹಸಿರು ಹೊಡೆಸಿದ ಮೇಲೆ ಹೋಯ್ತು ಅಂದ್ಕೊಂಡಿದ್ದೆ. ಅಣ್ಣ ಆ ಹಸಿರು ಕೆರೆದು ಕೆರೆದು ಇದನ್ನ ಹೊರಗೆ ತೆಗೆದಿದ್ದಾನೆ.”

ಪ್ರಜ್ಞೇಶ್ ಮೆಲ್ಲನೆ ಹಿಂದಕ್ಕೆ ಹೋಗಿ ತಳ್ಳುವವರ ಜತೆ ನಿಂತ. ಸುಲೋಚನಮ್ಮ ಒಂದು ಕಾಲು ಒಳಗಿಟ್ಟರು. ತಡೆದರು. ಆಮೇಲೆ ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

“ಹೇಳೋದಿಲ್ಲ ಅಂತ ಅಣ್ಣನ ತಲೆ ಮುಟ್ಟಿ ಆಣೆ ಮಾಡಿದ್ದೆ,” ಎಂದರು. “ಇನ್ನು ಆ ತಲೆಗೆ ಎಂತ ಆಗೋದುಂಟು.”

“ಹೇಳಿ ಅತ್ತೆ.”

“ಮಧ್ಯಾಹ್ನವೇ ಅವಳಿಗೆ ನೋವು ಎದ್ದಿತ್ತು. ಧಣಿಗಳು ಯಾರದೋ ಜೀಪಿನಲ್ಲಿ ಹೊರಗೆ ಹೋಗಿದ್ರು. ಗಾಡಿ ಬಂಗಲೆಯಲ್ಲೇ ಇತ್ತು. ಬೀಗದ ಕೈ ಅಣ್ಣನ ಜೇಬಲ್ಲೇ ಇತ್ತು ಮಗಾ! ತೆಗಿ ಅಣ್ಣ, ತೆಗಿ ಅಣ್ಣ ಅಂತ ನಾನು ಕಾಲು ಹಿಡ್ಕೊಂಡೆ. ‘ಕೇಳದೆ ಹೇಗೆ ತೆಗೆಯೋದು ಸುಲೂ’ ಅಂದ. ಗಾಡಿಯ ಸುತ್ತ ಸುತ್ತಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ.”

“ಎಷ್ಟು ಹೊತ್ತು?”

“ದೀಪ ಹಚ್ಚೋವರೆಗೆ. ಧಣಿಗಳು ಬಂದವರು ಜೀಪಿಂದ ಇಳಿಯೋವಾಗಲೇ ಹೇಳಿದ್ರು, ‘ಅಯ್ಯೋ, ಇದಕ್ಕೆಲ್ಲ ಕೇಳೋದು ಎಂತಕ್ಕೆ ಸೋಮಯ್ಯ?’ ಅಂತ.”

ಜಗಲಿಯ ಕಡೆಯಿಂದ ಅಳು ಎದ್ದಿತು. ದೇಹವನ್ನು ಚಟ್ಟಕ್ಕೆ ಇಳಿಸುತ್ತಿದ್ದರು.

“ಗೋಣಿಕೊಪ್ಪಲು ದಾಟುವಾಗ ನೀನು ಹುಟ್ಟಿದೆ. ಅವಳ ತಲೆ ಇಲ್ಲಿ ನನ್ನ ತೊಡೆ ಮೇಲೆ. ಆಸ್ಪತ್ರೆಯ ಲೈಟು ಕಾಣುವಾಗ ತಲೆ ಭಾರ ಆಯ್ತು. ಅಣ್ಣನಿಗೆ ಹೇಳಲಿಲ್ಲ. ಗಾಡಿ ಬಿಡ್ತಾ ಇದ್ದನಲ್ಲ.” ಸುಲೋಚನಮ್ಮ ಮೂಗು ಒರೆಸಿಕೊಂಡರು. “ನೀನು ಈ ಬಾಗಿಲು ತೆಗೆದ ದಿನ ಅಡುಗೆಮನೆಗೆ ಬಂದು ನೆಲಕ್ಕೆ ಕೂತ. ‘ದೊಡ್ಡವಳಾಗಿ ಇವಳು ಕೇಳಿದ್ರೆ ಎಂತ ಹೇಳಲಿ ಸುಲೂ? ಬೀಗದ ಕೈ ಎಲ್ಲಿತ್ತು ಅಂತ ಕೇಳಿದ್ರೆ?’ ಅಂದ.”

ಪವಿತ್ರಾ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದುಕೊಂಡು ಕೂತಳು. ಮಗಳು ಎಲ್ಲಿ ಕೇಳಿಬಿಡುತ್ತಾಳೋ ಎಂದು ಅಪ್ಪ ಇಷ್ಟು ವರ್ಷ ಹೆದರಿದ್ದ. ಅಪ್ಪ ಎಲ್ಲಿ ಹೇಳಿಬಿಡುತ್ತಾನೋ ಎಂದು ತಾನು.

“ಅಕ್ಕ, ಹೊತ್ತಾಯ್ತು. ತಳ್ಳಬಹುದಾ?” ಹಿಂದಿನಿಂದ ಪ್ರಜ್ಞೇಶ್ ಕೇಳಿದ.

“ಆ ಬಾಗಿಲಿಗೆ ಬಣ್ಣ ಹೊಡಿಬೇಡ ಪ್ರಜ್ಞೇಶ್,” ಎಂದಳು ಪವಿತ್ರಾ. “ಹಾಗೇ ಇರಲಿ.” ಅವಳು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಳು. “ಹೂಂ. ತಳ್ಳಿ.”

ಕಾರು ಕದಲಿತು. ಕಂಬ ಪಕ್ಕಕ್ಕೆ ಸರಿಯಿತು. ಶೆಡ್ಡಿನ ಅಂಚಿನ ಚಪ್ಪಡಿಯನ್ನು ಮುಂದಿನ ಚಕ್ರಗಳು ಹತ್ತಿ ಇಳಿಯುವಾಗ ಇಡೀ ಬಾಡಿ ಒಮ್ಮೆ ಕುಲುಕಿತು. ಪವಿತ್ರಾ ಕನ್ನಡಿಯಲ್ಲಿ ನೋಡಿದಳು. ಅಷ್ಟು ಅಗಲದ ಸೀಟಿನಲ್ಲಿ ಅತ್ತೆ ಬಾಗಿಲಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಉಳಿದ ಜಾಗವೆಲ್ಲ ಖಾಲಿ. ಕುಲುಕಿದಾಗ ಅವರ ಎರಡೂ ಕೈಗಳು ಬರಿದಾದ ಮಡಿಲ ಮೇಲೆ ಯಾರದೋ ತಲೆ ಜಾರದಂತೆ ಹಿಡಿದುಕೊಂಡ ಹಾಗಿದ್ದವು.

ಹಿಂದಿನ ಚಕ್ರಗಳು ಇನ್ನೂ ಚಪ್ಪಡಿ ದಾಟಬೇಕಿತ್ತು. ಪವಿತ್ರಾ ಬ್ರೇಕಿನ ಮೇಲೆ ಕಾಲಿಟ್ಟು ಕಿಟಕಿಯಿಂದ ತಲೆ ಹೊರಹಾಕಿದಳು.

“ಮೆಲ್ಲಗೆ,” ಎಂದಳು. “ಮೆಲ್ಲಗೆ ತಳ್ಳಿ.”