ಎದುರಿನಿಂದ ತೆಗೆದ ಯುದ್ಧ

ಇತಿಹಾಸದ ಧಾರಾವಾಹಿಗೆ ದನಿ ಕೊಡುವ ಹೆಂಗಸು ಗಾಜಿನ ಕೋಣೆಯಲ್ಲಿ ಕೂತು ಪರದೆ ನೋಡಿದಳು. ಹಳೆಯ ಯುದ್ಧದ ಚಿತ್ರ. ತಮ್ಮ ದೇಶದ ಸೈನಿಕರು ಕೇಕೆ ಹಾಕುತ್ತ ಓಡಿಬರುತ್ತಿದ್ದರು. ‘ರಣರಂಗದ ನಡುವೆಯೇ ಸೆರೆಹಿಡಿದ ಸತ್ಯ’ ಎಂದು ಅವಳು ಓದಬೇಕಿತ್ತು. ಅದೇ ಕಾಳಗದಲ್ಲಿ ಅವಳ ಚಿಕ್ಕಪ್ಪ ಸತ್ತಿದ್ದ. ಮಗ ಹೇಗೆ ಹೋದನೆಂದು ಇವತ್ತಿಗೂ ಕೇಳುವ ಅಜ್ಜಿ, ಟಿ.ವಿ.ಯಲ್ಲಿ ಮೊಮ್ಮಗಳ ಬಾಯಿಂದ ಬಂದದ್ದೆಲ್ಲ ನಿಜವೆಂದೇ ನಂಬುವವಳು.

ಓದುವ ಬದಲು ಅವಳು ಮೈಕಿನಲ್ಲೇ ಕೇಳಿದಳು.

"ಸರ್, ಇವರೆಲ್ಲ ಕ್ಯಾಮೆರಾ ಕಡೆಗೇ ಓಡಿಬರ್ತಿದಾರಲ್ಲ, ಕ್ಯಾಮೆರಾದವನು ಎಲ್ಲಿ ನಿಂತಿದ್ದ?"

"ಎದುರಿಗೆ," ಎಂದ ಗಾಜಿನಾಚೆ ಕೂತಿದ್ದ ನಿರ್ದೇಶಕ.

"ಎದುರಿಗೆ ಶತ್ರುಗಳಿದ್ರಲ್ವಾ? ಅವರಿಗೆ ಬೆನ್ನು ಹಾಕ್ಕೊಂಡು ನಿಂತಿದ್ನಾ?"

"ಗಟ್ಟಿಗ ಕಣ್ರೀ!"

ಅವನ ಪಕ್ಕದಲ್ಲಿದ್ದ ಸಂಕಲನಕಾರ ಕಿಸಕ್ಕನೆ ನಕ್ಕ. "ಇದು ಬಂದಿದ್ದು ಸೈನ್ಯದ ಪ್ರಚಾರ ವಿಭಾಗದಿಂದ. ಶತ್ರುಗಳೇ ಟೀ ಕೊಟ್ಟು ನಿಲ್ಲಿಸ್ಕೊಂಡಿರ್ಬೇಕು ಬಿಡಿ."

"ಹಾಗಾದ್ರೆ ಪ್ರಚಾರಕ್ಕೆ ನಟನೆ ಮಾಡಿಸಿ ತೆಗೆದದ್ದು ಅಂತಲೇ ಓದ್ತೀನಿ," ಎಂದಳು.

ನಿರ್ದೇಶಕ ರೇಗಲಿಲ್ಲ. ಬೆಣ್ಣೆಯಂಥ ದನಿಯಲ್ಲಿ, "ಆಗಲಿ ತಾಯಿ, ನಿಮ್ಮದೂ ಓದಿ, ನಮ್ಮದೂ ಓದಿ. ಯಾವುದು ಚೆನ್ನಾಗಿ ಕೂರುತ್ತೋ ನೋಡೋಣ," ಎಂದ.

ಅಷ್ಟು ಸಲೀಸಾಗಿ ಒಪ್ಪಿದ್ದೇ ಅವಳ ಅನುಮಾನವನ್ನು ಹೆಚ್ಚಿಸಿತು. ಎರಡನ್ನೂ ಓದಿಸಿಕೊಂಡರೆ ಕೊನೆಗೆ ಉಳಿಯುವುದು ಯಾವುದೆಂದು ಇಷ್ಟು ವರ್ಷ ಆ ಕೋಣೆಯಲ್ಲಿ ಕೂತವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ತನ್ನ ವಾಕ್ಯವನ್ನಷ್ಟೇ ನಿಧಾನವಾಗಿ, ಒಂದಕ್ಷರವೂ ನುಂಗದೆ ಓದಿ, ಹೆಡ್‌ಫೋನ್ ಕಳಚಿಟ್ಟಳು.

"ಇನ್ನೊಂದು?" ಎಂದ ನಿರ್ದೇಶಕ.

"ಅದಕ್ಕೆ ಬೇರೆ ದನಿ ಹುಡುಕ್ಕೊಳ್ಳಿ ಸರ್. ನಮ್ಮಜ್ಜಿಗೆ ಗುರುತಿಲ್ಲದ ದನಿ."